ಎಡಗಡೆಯ ಡೋಲು

ಟೀವಿಯಲ್ಲಿ ಕುದುರೆಗಳು ಓಡುತ್ತಿದ್ದವು. ಅವುಗಳ ಗೊರಸಿನ ಸದ್ದು ದೊಡ್ಡನೆಕ್ಕುಂದಿ ಕೆರೆ ಏರಿಯವರೆಗೂ ಕೇಳುತ್ತಿತ್ತು. ಮಧ್ಯಾಹ್ನದ ಎರಡು ಗಂಟೆ. ಯಾವುದೋ ಹಳೆಯ ಕಪ್ಪು-ಬಿಳುಪು ಸಿನಿಮಾ. ರಾಜ ಓಡಿಹೋಗುತ್ತಿದ್ದನೋ, ರಾಜನನ್ನು ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದರೋ, ಈಶ್ವರಮ್ಮನಿಗೆ ಬೇಕಿರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಸೀರೆ ಒಗೆಯುತ್ತಿದ್ದವಳು, ಒಗೆಯುವ ಸದ್ದು ತನಗೇ ಕೇಳದಿದ್ದಾಗ ಸೀರೆಯನ್ನು ಬಕೆಟ್ಟಿಗೆ ಎಸೆದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು.

“ಅದನ್ನ ಒಸಿ ತಗ್ಗಿಸಯ್ಯಾ! ಊರಿಗೆಲ್ಲಾ ಸಿನಿಮಾ ತೋರಿಸ್ತೀನಿ ಅಂತ ಅರಕೆ ಕಟ್ಕಂಡಿದ್ದೀಯಾ?”

ಅವಳ ಗಂಡ ದಾಸಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ. ತಿರುಗಿಯೂ ನೋಡಲಿಲ್ಲ. ಈಶ್ವರಮ್ಮ ಸೀದಾ ಹೋಗಿ ಟೀವಿಗೆ ಅಡ್ಡ ನಿಂತಳು. ಆಗ ನೋಡಿದ.

“ಏನೇ?”

“ತಗ್ಗಿಸು ಅಂದೆ.”

“ತಗ್ಗಿಸೇ ಐತೆ. ಈಗಿನ ಟೀವಿಗಳಿಗೆ ಗಂಟಲೇ ಇಲ್ಲ ಕಣಮ್ಮಿ. ಕಂಪನಿಯೋರು ದುಡ್ಡುಳಿಸಕ್ಕೆ ಸ್ಪೀಕರ್ ಚಿಕ್ಕದು ಮಾಡವ್ರೆ. ಅತ್ಲಾಗೆ ಸರ್ಕಂಡು ನಿಂತ್ಕೊ, ರಾಜ ಸಿಕ್ಕಾಕ್ಕಳೋ ಟೇಮು.”

ಈಶ್ವರಮ್ಮನಿಗೆ ಊರಲ್ಲಿ ‘ಒಗ್ಗರಣೆ ಈಶ್ವರಮ್ಮ’ ಎಂದೇ ಹೆಸರು. ಎಣ್ಣೆ ಕಾಯುವುದಕ್ಕೂ ಸಾಸಿವೆ ಸಿಡಿಯುವುದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ಹೊತ್ತು ಅವಳ ತಾಳ್ಮೆ. ಆದರೆ ಸುಳ್ಳು ಹೇಳಿದವಳಲ್ಲ. ಯಾರದಾದರೂ ಮದುವೆಯಲ್ಲಿ ಪಾಯಸ ಸೀದಿದ್ದರೆ, ಬಡಿಸುವವರ ಮುಂದೆಯೇ “ಸೀದೋಗೈತೆ” ಎನ್ನುತ್ತಿದ್ದಳು. ಅವಳು ಮಾತಾಡಿದರೆ ಮೂರನೆಯ ಮನೆಗೆ ಕೇಳುತ್ತಿತ್ತು. ಹಾಗಾಗಿ ಗಂಡನಿಗೆ ತನ್ನ ಮಾತು ಎಷ್ಟು ಕೇಳುತ್ತದೆ, ಎಷ್ಟು ಕೇಳುವುದಿಲ್ಲ ಎಂದು ಅವಳು ಅಳೆದು ನೋಡಿದ್ದೇ ಇಲ್ಲ. ಕೇಳದಂತೆ ಕೂತಿದ್ದರೆ, ಅದು ಗಂಡಸರ ಜಾಣತನ ಎಂದುಕೊಂಡಿದ್ದಳು. ಬಹಳ ಮಟ್ಟಿಗೆ ಅದು ನಿಜವೂ ಆಗಿತ್ತು.

ದಾಸಪ್ಪನ ಕಿವಿಯ ವಿಷಯ ಬೇರೆ. ಅದು ಸುತ್ತಮುತ್ತಲಿಗೆಲ್ಲ ಹೆಸರುವಾಸಿಯಾದ ಕಿವಿ. ಅವನ ಅಪ್ಪ ರಾಗಿ ಬಿತ್ತುತ್ತಿದ್ದ ಹೊಲ ಇಂಡಸ್ಟ್ರಿಯಲ್ ಏರಿಯಾ ಆಯಿತು. ಆ ಹೊಲದಲ್ಲೇ ಎದ್ದ ಪ್ರೆಸ್ ಶಾಪಿಗೆ ಮಗ ಕೆಲಸಕ್ಕೆ ಸೇರಿದ. ಉಕ್ಕಿನ ಅಚ್ಚಿನ ಮೇಲೆ ತಗಡಿಟ್ಟರೆ ಮಷೀನು ಮೇಲಿಂದ ಗುದ್ದುತ್ತದೆ, ಕೆಳಗೆ ಸ್ಕೂಟರಿನ ಭಾಗವೋ ಫ್ಯಾನಿನ ಬಟ್ಟಲೋ ಆಗಿ ಬೀಳುತ್ತದೆ. ಆ ಅಚ್ಚಿಗೆ ಡೈ ಎನ್ನುತ್ತಾರೆ, ಅದನ್ನು ಕೂರಿಸುವವನಿಗೆ ಸೆಟ್ಟರ್. ದಾಸಪ್ಪ ಮೂವತ್ತಾರು ವರ್ಷ ಸೆಟ್ಟರ್ ಆಗಿದ್ದ. ಗೇಟಿನಾಚೆ ಚಹಾ ಕುಡಿಯುತ್ತ ಕೂತವನು ಲೋಟ ಕೆಳಗಿಟ್ಟು, “ನಾಲ್ಕನೇ ಮಷೀನಿನ ಡೈ ಬಿರುಕು ಬಿಡ್ತಾ ಐತೆ, ಹೋಗಿ ನಿಲ್ಸಿ” ಎನ್ನುತ್ತಿದ್ದನಂತೆ. ಹೋಗಿ ನೋಡಿದರೆ ಕೂದಲೆಳೆಯಷ್ಟು ಬಿರುಕು ಇರುತ್ತಿತ್ತಂತೆ. ಈ ಕಥೆಯನ್ನು ದಾಸಪ್ಪನೇ ಹೇಳುತ್ತಿದ್ದ, ಬೇರೆಯವರೂ ಹೇಳುತ್ತಿದ್ದರು. ಅದಕ್ಕೇ ಈಶ್ವರಮ್ಮ ನಂಬಿದ್ದಳು.

ಆ ಗದ್ದಲದಲ್ಲಿ ಮಾತು ನಡೆಯುತ್ತಿರಲಿಲ್ಲ. ಎಲ್ಲಾ ಕೈಸನ್ನೆ. ಹೆಬ್ಬೆರಳು ಬಾಯಿಗೆ ತೋರಿಸಿದರೆ ಟೀ. ಮುಷ್ಟಿ ಎತ್ತಿದರೆ ನಿಲ್ಲಿಸು. ಕಾಲರು ಎಳೆದುಕೊಂಡರೆ ಸೂಪರ್‌ವೈಸರ್ ಬರುತ್ತಿದ್ದಾನೆ. ಮಷೀನು ಮುಟ್ಟಿ ಅಂಗೈ ಮಗುಚಿದರೆ, ಇದು ಕೆಟ್ಟಿದೆ, ಇನ್ನು ನಡೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಬುತ್ತಿ ತೆಗೆದುಕೊಂಡು ಹೋಗಿ ಶಾಪಿನ ಕಿಟಕಿಯ ಹತ್ತಿರ ನಿಲ್ಲುತ್ತಿದ್ದ ಈಶ್ವರಮ್ಮ ಇದನ್ನೆಲ್ಲ ಕಲಿತುಬಿಟ್ಟಿದ್ದಳು. ಕೆಲಸದ ರೀತಿಯನ್ನೂ ಅಷ್ಟಿಷ್ಟು ಕಲಿತಿದ್ದಳು. ಮಾಲು ಸೊಟ್ಟ ಬರುತ್ತಿದೆ ಎಂದರೆ ತಪ್ಪು ಡೈಯದೋ ಮಷೀನಿನದೋ? ಹೊಸ ಹುಡುಗರಿಗೆ ದಾಸಪ್ಪ ಹೇಳುತ್ತಿದ್ದ: “ಬೈದಾಡಬೇಡಿ. ಡೈ ಬಿಚ್ಚಿ ಪಕ್ಕದ ಮಷೀನಿಗೆ ಹಾಕಿ. ತಪ್ಪು ಡೈ ಹಿಂದೇನೇ ಹೋದ್ರೆ ಡೈ ಕೆಟ್ಟೈತೆ. ಅಲ್ಲೇ ಉಳಕಂಡ್ರೆ ಮಷೀನೇ ಕೆಟ್ಟೈತೆ.”

ಆವತ್ತು ಸಂಜೆ ಬಾಡಿಗೆಯ ಮಹಾದೇವಿ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಹಳೆಯ ಕೊಟ್ಟಿಗೆ ಕೆಡವಿ ಕಟ್ಟಿಸಿದ ಸಾಲು ಕೋಣೆಗಳಲ್ಲಿ, ಈಶ್ವರಮ್ಮನ ಮನೆಗೆ ಗೋಡೆಗೆ ಗೋಡೆ ತಾಗಿದ ಮೊದಲನೆಯ ಕೋಣೆ ಅವಳದು. ಗಂಡ ಹನುಮೇಶ, ಇಬ್ಬರೂ ಲಿಂಗಸುಗೂರು ಕಡೆಯವರು. ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಮಹಾದೇವಿ ಈಶ್ವರಮ್ಮನಿಗೆ ರೊಟ್ಟಿ ತಟ್ಟುವುದನ್ನು ಕಲಿಸಿದ್ದಳು, ಈಶ್ವರಮ್ಮ ಅವಳಿಗೆ ಮುದ್ದೆ ತಿರುವುವುದನ್ನು ಕಲಿಸಿದ್ದಳು. ಇಬ್ಬರ ಕೈಯಲ್ಲೂ ಎರಡೂ ಕೆಟ್ಟದಾಗಿ ಬರುತ್ತಿದ್ದವು.

“ಅಮ್ಮಾರೆ, ಒಂದ್ ಮಾತು ಹೇಳೂದಿತ್ರಿ.”

“ಏಳು. ಅದಕ್ಕೆ ಬಾಗ್ಲು ಇಡ್ಕಂಡು ಯಾಕೆ ನಿಂತಿದ್ದೀ?”

“ಈ ತಿಂಗಳಾ ಮುಗದ ಮ್ಯಾಲ ನಾವು ಖೋಲಿ ಬಿಡ್ತೀವ್ರಿ. ಬೊಮ್ಮಸಂದ್ರದ ಕಡಿ ನೋಡಾಕತ್ತೀವಿ.”

ಈಶ್ವರಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. “ಯಾಕಮ್ಮಿ? ನೀರು ಬರಕಿಲ್ವಾ? ಕರೆಂಟು ಬರಕಿಲ್ವಾ? ನಾನೇನಾದ್ರೂ ಬೈದ್ನಾ?”

“ನೀವ್ ದಿನಾ ಬೈತೀರಲ್ರಿ, ಅದಕ್ಕ ಯಾರ್ ಬಿಟ್ ಹೊಕ್ಕಾರ?” ಮಹಾದೇವಿ ನಕ್ಕಳು, ಕೂಡಲೇ ಮುಖ ಸಣ್ಣದಾಯಿತು. “ಅವ್ರಿಗಿ ನೈಟ್ ಶಿಫ್ಟ್ ಐತಲ್ರಿ. ಹಗಲಾ ನಿದ್ದಿ ಆಗವಲ್ದು.”

“ಯಾಕೆ ಆಗವಲ್ದು?”

ಮಹಾದೇವಿ ನೆಲ ನೋಡಿದಳು. ಒಳಗೆ ಟೀವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಗೋಡೆ ನಡುಗುವಂತೆ ಹಾಡತೊಡಗಿತು. ಅವಳು ಹೇಳದ ಉತ್ತರವನ್ನು ಅದೇ ಹೇಳಿಬಿಟ್ಟಿತು.

“ಮೊನ್ನಿ ಮಷೀನ್ ಮ್ಯಾಗ ಕಣ್ಣು ಹತ್ತಿತಂತ್ರಿ,” ಮಹಾದೇವಿಯ ದನಿ ತಗ್ಗಿತು. “ಉಗುರು ಹೋಗೇತಿ. ಬೆರಳು ಉಳದೈತಿ. ದೇವ್ರು ದೊಡ್ಡಾವ. ನಿಮಗ ಹೇಳಬ್ಯಾಡ ಅಂದಾರ. ಹಿರ್ಯಾರು, ಟೀವಿ ಬಿಟ್ರ ಅವ್ರಿಗಿ ಬ್ಯಾರೆ ಏನೈತಿ ಅಂತಾರ.”

ಈಶ್ವರಮ್ಮ ಬಾಯಿ ತೆರೆದಳು. ಏನೂ ಸಿಡಿಯಲಿಲ್ಲ.

ಹನುಮೇಶನ ಕೆಲಸವೂ ಪ್ರೆಸ್ಸಿನದೇ. ಅದು ಯಾವ ಬಗೆಯ ಮಷೀನು ಎಂದು ಈ ಮನೆಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ದಾಸಪ್ಪನ ಎಡಗೈಯ ಎರಡು ಬೆರಳು ಮೊದಲ ಗೆಣ್ಣಿಗೇ ನಿಂತಿದ್ದವು. ಮದುವೆಯಾದ ಆರನೆಯ ತಿಂಗಳಿನದು. ಆವತ್ತು ಬುತ್ತಿ ಹಿಡಿದು ಕಿಟಕಿಯ ಬಳಿ ನಿಂತವಳಿಗೆ ಯಾರೋ ಮುಷ್ಟಿ ಎತ್ತಿ ತೋರಿಸಿದ್ದರು.

ಅವಳು ಒಳಗೆ ಹೋಗಿ ಟೀವಿ ಆರಿಸಿದಳು. ದಾಸಪ್ಪ ಸಿಟ್ಟಿನಿಂದ ತಿರುಗುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಳು. ಅವನು ಕೇಳಿದ. ಆಮೇಲೆ ಒಂದೇ ಒಂದು ಪ್ರಶ್ನೆ ಹಾಕಿದ.

“ಎಷ್ಟು ಟನ್ನಿನ ಮಷೀನಂತೆ?”

“ಅದೆಲ್ಲಾ ನಂಗೇನು ಗೊತ್ತು?”

ಅವನು ಎಡಗೈಯನ್ನು ಬಲಗೈಯೊಳಗೆ ಇಟ್ಟುಕೊಂಡ. “ಒಂದು ವಾರ ತಡ್ಕೊ ಅನ್ನು ಆ ಉಡ್ಗಿಗೆ,” ಎಂದ. “ಇನ್ಮೇಲೆ ಮೆತ್ತಗೆ ಇಡ್ತೀನಿ.”

ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನ ಟೀವಿ ಎಷ್ಟು ಮೆತ್ತಗಿತ್ತೆಂದರೆ ಈಶ್ವರಮ್ಮನಿಗೆ ಬಚ್ಚಲ ನಲ್ಲಿ ತೊಟ್ಟಿಕ್ಕುವುದೂ ಕೇಳಿತು. ದಾಸಪ್ಪ ಕುರ್ಚಿಯನ್ನು ಟೀವಿಗೆ ಒಂದು ಮೊಳ ಹತ್ತಿರ ಎಳೆದ. ಎರಡನೆಯ ದಿನ ಇನ್ನೊಂದು ಮೊಳ. ಮೂರನೆಯ ದಿನ ಮೂಗು ಗಾಜಿಗೆ ತಾಗುವ ಹಾಗೆ ಕೂತು, ಬಾಯಿ ಆಡಿಸುವ ರಾಜರಾಣಿಯರನ್ನು ನೋಡುತ್ತಿದ್ದ. ನಾಲ್ಕನೆಯ ದಿನ ಟೀವಿಯನ್ನೇ ಹಾಕಲಿಲ್ಲ. ಗೇಟಿನ ಬಳಿ ನಿಂತು, ರಸ್ತೆಯಲ್ಲಿ ಹೋಗುವ ಕಂಪನಿ ಬಸ್ಸುಗಳನ್ನು ಎಣಿಸಿದ. ಊಟಕ್ಕೆ ಕರೆದರೆ “ಹಸಿವಿಲ್ಲ” ಎಂದ. ಮುದ್ದೆಯೆಂದರೆ ಪ್ರಾಣ ಬಿಡುವ ಮನುಷ್ಯ ಹಸಿವಿಲ್ಲ ಎಂದದ್ದು ಈಶ್ವರಮ್ಮನಿಗೆ ಹೆದರಿಕೆ ಹುಟ್ಟಿಸಿತು.

“ಬೈಯಕ್ಕೂ ಆಗಂಗಿಲ್ಲ ಕಣಮ್ಮಿ,” ಎಂದು ಮಹಾದೇವಿಯ ಮುಂದೆ ಹೇಳಿಕೊಂಡಳು. “ಜೋರಾಗಿ ಇಟ್ರೆ ನಿನ್ನ ಗಂಡನ ಬೆರಳು ಓಯ್ತದೆ. ಮೆತ್ತಗೆ ಇಟ್ರೆ ನನ್ನ ಗಂಡನೇ ಓಗಂಗವ್ನೆ.”

ಮಹಾದೇವಿ ಜೋಳದ ಹಿಟ್ಟು ನಾದುವುದನ್ನು ನಿಲ್ಲಿಸಿ ಯೋಚಿಸಿದಳು. “ಅಮ್ಮಾರೆ, ಕಂಪನಿ ಬಸ್ಸಿನ್ಯಾಗ ಎಲ್ಲಾರೂ ಕಿವ್ಯಾಗ ವೈರ್ ಹಾಕ್ಕೊಂಡ್ ಕುಂತಿರ್ತಾರಲ್ರಿ. ಅಂಥಾದು ಟೀವಿಗೂ ಬರ್ತೈತೇನ್ರಿ?”

ಈಶ್ವರಮ್ಮ ಹಿಟ್ಟು ಮೆತ್ತಿದ ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಸಂಜೆಯವರೆಗೂ ಹಣೆಯ ಮೇಲೆ ಹಿಟ್ಟಿತ್ತು. ಯಾರೂ ಹೇಳುವ ಧೈರ್ಯ ಮಾಡಲಿಲ್ಲ.

ಮುನೀಂದ್ರನ ಮೊಬೈಲ್ ಅಂಗಡಿ ಮುಖ್ಯರಸ್ತೆಯಲ್ಲಿತ್ತು. ಮೂವತ್ತೈದರ ಮುನೀಂದ್ರ ವರಸೆಯಲ್ಲಿ ಈಶ್ವರಮ್ಮನಿಗೆ ಸೋದರಳಿಯ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವುದರಲ್ಲಿ ಅವನ ಹೊಟ್ಟೆ ತುಂಬಿ, ಈಗ ಕೌಂಟರಿಗೆ ತಾಗುವಷ್ಟು ಮುಂದೆ ಬಂದಿತ್ತು.

“ಬನ್ನಿ ಮಾವ, ಬನ್ನಿ ಅತ್ತೆ. ಏನು, ಇಬ್ರೂ ಒಟ್ಟಿಗೇ? ಜಗಳ ಮುಗೀತಾ?”

“ಜಗಳ ಮುಗಿಯೋದು ನಾವು ಮುಗಿದ ಮೇಲೆ ಕಣೋ,” ಎಂದಳು ಈಶ್ವರಮ್ಮ. “ಟೀವಿಗೆ ಸಿಗ್ಸಿ ಕಿವಿಗೆ ಆಕ್ಕಳೋದು ಕೊಡು. ರೇಟು ಕೈಗೆ ಸಿಗಂಗಿರ್ಬೇಕು, ಸದ್ದು ಕಿವಿಗೆ ಸಿಗಂಗಿರ್ಬೇಕು. ಮೂರು ಗಂಟೆ ಆಕ್ಕಂಡು ಕೂತ್ರೂ ಕಿವಿ ನೋಯ್ಬಾರ್ದು.”

ಮುನೀಂದ್ರ ಗಾಜಿನ ಮೇಲೆ ನಾಲ್ಕನ್ನು ಸಾಲಾಗಿ ಇಟ್ಟ. ತನ್ನ ಫೋನಿನಲ್ಲಿ ಕಾಡುಗೋಡಿಯ ಒಂದು ಮದುವೆಯಲ್ಲಿ ರೆಕಾರ್ಡ್ ಮಾಡಿಸಿದ ವಾಲಗ ಹಾಕಿದ. “ಮಾಲು ಚೆಕ್ ಮಾಡಕ್ಕೆ ಇದೇ ಸಕ್ಕತ್ತು ಮಾವ. ನಾದಸ್ವರ ಒಂದ್ಕಡೆ, ಡೋಲು ಒಂದ್ಕಡೆ ಕೇಳಿಸ್ತದೆ. ಚಪ್ಪರದೊಳಗೇ ಕೂತಂಗಿರ್ತದೆ.”

ಮೊದಲನೆಯದು ಕಿವಿಯೊಳಗೆ ತುರುಕಿಕೊಳ್ಳುವ ಗುಂಡಿ. ಎಲ್ಲಕ್ಕಿಂತ ಅಗ್ಗ. ದಾಸಪ್ಪನ ಕಿವಿಯಲ್ಲಿ ಹುಲುಸಾಗಿ ಬೆಳೆದಿದ್ದ ಕೂದಲು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮುನೀಂದ್ರ ಒತ್ತಿ ಕೂರಿಸಿದ.

“ತೆಗೀಲಾ ಇದ್ನ,” ಎಂದ ದಾಸಪ್ಪ. “ಹೆಣಕ್ಕೆ ಹತ್ತಿ ಇಟ್ಟಂಗೈತೆ. ನಾನಿನ್ನೂ ಉಸಿರಾಡ್ತಾ ಇವ್ನಿ.”

ಎರಡನೆಯದು ತೆಳು ಸ್ಪಂಜಿನದು. ಹಗುರ, ಹಾಕಿಕೊಂಡದ್ದೇ ಗೊತ್ತಾಗುವುದಿಲ್ಲ. ದಾಸಪ್ಪ ಕಣ್ಣು ಮುಚ್ಚಿ ಕೇಳಿದ. ಮಷೀನಿನ ಮುಂದೆ ಡೈಯ ಸದ್ದು ಕೇಳುವಾಗ ಹೀಗೇ ಕಣ್ಣು ಮುಚ್ಚುತ್ತಿದ್ದ.

“ಮೈಗೆ ಚೆಂದಾಗೈತೆ. ಸದ್ದು ಮಾತ್ರ ಡಬ್ಬಕ್ಕೆ ಕಲ್ಲಾಕಿ ಅಲ್ಲಾಡಿಸ್ದಂಗೆ. ಅದೂ ಅಲ್ದೆ ಎಡಗಡೇದು ಸತ್ತೋಗೈತೆ.”

“ಸತ್ತೋಗೈತಾ?” ಮುನೀಂದ್ರ ತಾನೇ ಹಾಕಿಕೊಂಡು ನೋಡಿದ. ತಲೆ ಕೆರೆದುಕೊಂಡ. ಮೂರನೆಯದನ್ನು ಕೊಟ್ಟ. ಅದು ಕಂಪ್ಯೂಟರ್ ಆಫೀಸಿನವರು ಹಾಕುವಂಥದ್ದು. ಬಾಯಿಯ ಮುಂದೆ ಒಂದು ಕಡ್ಡಿ.

“ಇದೇನಿದು ಕೊಂಬು? ಟೀವಿ ಜೊತೆ ನಾನೂ ಮಾತಾಡ್ಬೇಕಾ?” ದಾಸಪ್ಪ ಕಡ್ಡಿಯನ್ನು ಮೇಲಕ್ಕೆ ತಿರುಗಿಸಿದ. ಅದರ ಹಿಡಿತ ಇಕ್ಕಳದ ಹಾಗೆ. ಕಿವಿಗೆ ಹಾಕಿದ್ದ ಚಿನ್ನದ ಒಂಟಿ ಒತ್ತಿ ಮುಖ ಹಿಂಡಿಕೊಂಡ. “ಸದ್ದು ಚೊಕ್ಕವಾಗೈತೆ. ನಾದಸ್ವರದೋನು ಉಸಿರು ಎಳ್ಕೊಳೋದೂ ಕೇಳ್ತದೆ. ಆದ್ರೆ ಇದ್ರಲ್ಲೂ ಎಡಗಡೆ ಇಲ್ವಲ್ಲೋ! ಡೋಲ್ನೋನು ಎಲ್ಲಿ? ಊಟಕ್ಕೆ ಎದ್ದೋದ್ನಾ?”

ನಾಲ್ಕನೆಯದು ದಪ್ಪ ಮೆತ್ತೆಯದು. ಒಂಟಿ ಸಮೇತ ಇಡೀ ಕಿವಿ ಅದರೊಳಗೆ ಆರಾಮಾಗಿ ಕೂತಿತು. ದಾಸಪ್ಪನ ಮುಖ ಬಿಚ್ಚಿಕೊಂಡಿತು. ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿತು.

“ಇದು ನೋಡು! ದಿಂಬಿನ ಮೇಲೆ ತಲೆ ಇಟ್ಟಂಗೈತೆ. ಕಾಡುಗೋಡಿ ನಾದಸ್ವರ ಪಕ್ಕಕ್ಕೆ ಬಂದು ಕೂತಂಗೈತೆ. ಒಸಿ ಬೆವರ್ತದೆ, ಬೆವರ್ಲಿ.” ಆಮೇಲೆ ಕಣ್ಣು ಬಿಟ್ಟ. ಕಣ್ಣು ಕೆಂಪಗಾಗಿತ್ತು. “ಅಲ್ಲಾ ಕಣೋ ಮುನೀಂದ್ರ, ನೆಂಟ್ರು ಅಂತ ಬಂದ್ರೆ ಇಂಥಾ ಮಾಲು ತೋರಿಸ್ತೀಯಾ? ಎಡಗಡೆ ಇದ್ರಲ್ಲೂ ಸತ್ತೈತೆ! ಒಂದಲ್ಲಾ, ಎರಡಲ್ಲಾ, ಎಲ್ಲಾನೂ ಅರ್ಧ ಸತ್ತಿರೋವು! ಪೇಟೇಲಿ ರಿಜೆಕ್ಟ್ ಆಗಿರೋದನ್ನ ತಂದು ನಮ್ಮೂರೋರ ತಲೆ ಮೇಲೆ ಕಟ್ತಾ ಇದ್ದೀಯಾ?”

“ಮಾವಾ, ಹಂಗಲ್ಲ…”

“ತತ್ತಾ ಇಲ್ಲಿ, ನಾನು ನೋಡ್ತೀನಿ,” ಎಂದು ಈಶ್ವರಮ್ಮ ಕಿತ್ತುಕೊಂಡಳು. ಮುನೀಂದ್ರನಿಗೆ ಒಗ್ಗರಣೆ ಹಾಕುವ ಮೊದಲು ಸಾಕ್ಷಿ ಬೇಕಿತ್ತು, ಅಷ್ಟೇ. ಹುಟ್ಟಿದ ಮೇಲೆ ಇಂಥದ್ದನ್ನು ತಲೆಗೆ ಹಾಕಿಕೊಂಡವಳಲ್ಲ. ತುರುಬು ಅಡ್ಡ ಬಂತು. ಪಟ್ಟಿಯನ್ನು ಅದರ ಮುಂದಕ್ಕೆ ಸರಿಸಿ ಕೂರಿಸಿದಳು.

ಡೋಲು ಎಡಗಿವಿಯ ಪಕ್ಕದಲ್ಲೇ ಇತ್ತು. ಧಿಮಿಧಿಮಿ ಎಂದು, ಎದೆಗೆ ತಾಗುವ ಹಾಗೆ ಬಾರಿಸುತ್ತಿದ್ದ ಪುಣ್ಯಾತ್ಮ. ಊಟಕ್ಕೆ ಎದ್ದು ಹೋಗಿರಲಿಲ್ಲ.

ಅವಳು ಅದನ್ನು ತೆಗೆದು ಕಡ್ಡಿಯಿರುವುದನ್ನು ಹಾಕಿಕೊಂಡಳು. ಅಲ್ಲೂ ಡೋಲಿತ್ತು. ಸ್ಪಂಜಿನದರಲ್ಲಿ ಡಬ್ಬದ ಹಾಗೆ ಕೇಳಿದರೂ ಇತ್ತು. ಮೊದಲಿನ ಗುಂಡಿಯನ್ನೂ ಬಿಡಲಿಲ್ಲ. ಅದರಲ್ಲೂ ಇತ್ತು.

ಗುಂಡಿಯನ್ನು ಕೈಯಲ್ಲಿ ಹಿಡಿದೇ ಗಂಡನ ಕಡೆ ನೋಡಿದಳು. ಫೋನು ಬಂದರೆ ಅವನು ಎಂದೂ ಎಡಗಿವಿಗೆ ಇಟ್ಟದ್ದಿಲ್ಲ. ಎಡಗೈಯಲ್ಲಿ ತೆಗೆದುಕೊಂಡರೂ ಬಲಕ್ಕೆ ದಾಟಿಸುತ್ತಿದ್ದ. ಶಾಪಿನಲ್ಲಿ ಅವನು ನಿಲ್ಲುತ್ತಿದ್ದ ಜಾಗದ ಎಡಕ್ಕೇ ಇನ್ನೂರು ಟನ್ನಿನ ದೊಡ್ಡ ಪ್ರೆಸ್ಸು ಇದ್ದದ್ದು, ಅದು ಗುದ್ದಿದಾಗಲೆಲ್ಲ ಕಿಟಕಿಯಾಚೆ ತನ್ನ ಕೈಯ ಬುತ್ತಿ ಅದುರುತ್ತಿದ್ದದ್ದು ನೆನಪಾಯಿತು.

“ಅತ್ತೆ,” ಮುನೀಂದ್ರ ತಡವರಿಸಿದ, “ಮಾಲು ಸರಿಯಾಗೇ ಐತಲ್ವಾ? ಮಾವಂದು ಕಿ…”

ನಾಲಿಗೆಯ ತುದಿಯಲ್ಲಿ ಮಾತು ಇತ್ತು. ಐವತ್ತೈದು ವರ್ಷ ನಾಲಿಗೆಯ ತುದಿಗೆ ಬಂದದ್ದು ಯಾವುದೂ ಅಲ್ಲಿ ಉಳಿದಿರಲಿಲ್ಲ. ದಾಸಪ್ಪ ಮೆತ್ತೆಯದನ್ನು ಮತ್ತೆ ಎತ್ತಿಕೊಂಡು, ಎಡಗಡೆಯ ಮೆತ್ತೆಯನ್ನು ಉಗುರಿನಿಂದ ತಟ್ಟುತ್ತ, ಅಲ್ಲಾಡಿಸುತ್ತ, ಅದರ ಬಾಯಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ. ಎಷ್ಟು ಡೈಗಳನ್ನು ಹಾಗೆ ನೋಡಿದ್ದನೋ.

“ಮಾವ ಏಳೋದು ಸರಿಯಾಗೈತೆ,” ಎಂದಳು ಈಶ್ವರಮ್ಮ. ಅವಳ ದನಿ ಅವಳಿಗೇ ಹೊಸದಾಗಿತ್ತು. “ಎಡಗಡೆ ಸತ್ತೈತೆ. ನಾಲ್ಕರಲ್ಲೂ.”

ಮುನೀಂದ್ರ ಬಾಯಿ ಬಿಟ್ಟುಕೊಂಡು ನಿಂತ. ಒಗ್ಗರಣೆ ಈಶ್ವರಮ್ಮ ಸುಳ್ಳು ಹೇಳಿದ್ದನ್ನು ಕಣ್ಣಾರೆ ಕಂಡವನು ದೊಡ್ಡನೆಕ್ಕುಂದಿಯಲ್ಲಿ ಅವನೊಬ್ಬನೇ. ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಅವಳು ಕೌಂಟರಿನ ಮೇಲಿದ್ದ ಅವನ ಕೈಯನ್ನು ಮುಟ್ಟುವ ಹಾಗೆ ಮಾಡಿ ಜಿಗುಟಿದಳು.

“ಹೌ… ಹೌದು ಮಾವ,” ಎಂದ ಅವನು. “ಈ ಲಾಟೇ ಹಂಗೆ ಬಂದೈತೆ.”

“ನೋಡ್ದಾ!” ದಾಸಪ್ಪ ಗೆದ್ದವನ ಹಾಗೆ ಬೀಗಿದ. “ನನ್ನ ಕಿವಿಗೇ ಮೋಸ ಮಾಡಕ್ಕೆ ಬಂದಿದ್ದ.”

“ಒಂದ್ಕಡೆ ಕೇಳಿದ್ರೆ ಸಾಲ್ದೇನಯ್ಯಾ? ರಾಜ ಏನು ಎರಡೂ ಕಿವೀಲಿ ಬೇರೆಬೇರೆ ಮಾತಾಡ್ತಾನಾ? ದಪ್ಪ ಮೆತ್ತೇದೇ ಕೊಡೋ, ಉದ್ದನೇ ವೈರು ಸೇರಿಸಿ ಕೊಡು.”

“ಅರ್ಧ ಸತ್ತಿರೋ ಮಾಲಿಗೆ ಅರ್ಧ ರೇಟು,” ಎಂದ ದಾಸಪ್ಪ. ಅದರಲ್ಲಿ ಅವನು ಒಂದಿಷ್ಟೂ ಬಗ್ಗಲಿಲ್ಲ. ಮುನೀಂದ್ರ ಈಶ್ವರಮ್ಮನ ಕಣ್ಣು ನೋಡಿದ. ಅವಳು ರೆಪ್ಪೆ ಮುಚ್ಚಿ ತೆರೆದಳು. ಅವನು ನಿಟ್ಟುಸಿರು ಬಿಟ್ಟು ಅರ್ಧ ರೇಟಿಗೇ ಡಬ್ಬ ಕಟ್ಟಿಕೊಟ್ಟ.

ದಾರಿಯುದ್ದಕ್ಕೂ ದಾಸಪ್ಪ ತನ್ನ ವ್ಯಾಪಾರದ ಜಾಣತನವನ್ನು ಹೇಳುತ್ತಲೇ ನಡೆದ. ಈಶ್ವರಮ್ಮ ಒಂದಕ್ಕೂ ಎದುರಾಡಲಿಲ್ಲ. ಮನೆ ಹತ್ತಿರ ಬಂದಾಗ ಅವನಿಗೆ ಅನುಮಾನ ಬಂತು. “ಏನಮ್ಮಿ, ಮೈಗೆ ಉಷಾರಿಲ್ವಾ?”

ಮಾರನೆಯ ದಿನ ಎರಡು ಗಂಟೆಗೆ ಟೀವಿಯಲ್ಲಿ ಮತ್ತೊಂದು ಕಪ್ಪು-ಬಿಳುಪು ಸಿನಿಮಾ. ಮಹಾದೇವಿಯ ಕೋಣೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲ ಹೊರಗೆ ಹನುಮೇಶನ ಕಂಪನಿ ಬೂಟುಗಳು ಒಂದರ ಮೇಲೊಂದು ಒರಗಿ ಮಲಗಿದ್ದವು. ಉದ್ದನೆಯ ವೈರು ಟೀವಿಯಿಂದ ಹೊರಟು, ನೆಲದ ಮೇಲೆ ಹರಿದು, ದಾಸಪ್ಪನ ಬನಿಯನ್ನಿನ ಮೇಲೆ ಹತ್ತಿ, ತಲೆಯ ಮೇಲಿನ ಕಪ್ಪು ಮೆತ್ತೆಗಳಲ್ಲಿ ಮುಗಿದಿತ್ತು. ಮನೆಯಲ್ಲಿ ಸದ್ದಿಲ್ಲ. ಅವನು ಮಾತ್ರ ಆಗಾಗ “ಬ್ಯಾಡ ಕಣೋ, ಆ ಕಡೆ ಓಗ್ಬ್ಯಾಡ” ಎಂದು ರಾಜನಿಗೆ ಬುದ್ಧಿ ಹೇಳುತ್ತಿದ್ದ.

ಈಶ್ವರಮ್ಮ ಈಳಿಗೆಮಣೆ ಇಟ್ಟುಕೊಂಡು ಬದನೆಕಾಯಿ ಹೆಚ್ಚುತ್ತ ತನ್ನ ಜಾಗದಲ್ಲಿ ಕೂತಿದ್ದಳು. ಅವಳ ಜಾಗ ಯಾವತ್ತೂ ಅವನ ಕುರ್ಚಿಯ ಎಡಕ್ಕೆ. ಹಸೆಮಣೆಯ ಮೇಲೆ ಹಿರಿಯರು ಎಡಕ್ಕೆ ಕೂರಿಸಿದ್ದು. ಆವತ್ತಿನಿಂದ ಊಟಕ್ಕಾಗಲಿ, ಬಸ್ಸಿನಲ್ಲಾಗಲಿ, ಟೀವಿಯ ಮುಂದಾಗಲಿ, ಅದೇ ಕಡೆ.

ಹಿತ್ತಲ ಬಾಗಿಲಿನಿಂದ ಮಹಾದೇವಿ ತುದಿಗಾಲಲ್ಲಿ ಬಂದಳು. “ಟೀವಿ ಕೆಟ್ಟೈತೇನ್ರಿ ಅಮ್ಮಾರೆ?” ಎಂದು ಪಿಸುಗುಟ್ಟಿದಳು. ಈಶ್ವರಮ್ಮ ಗಂಡನ ತಲೆಯತ್ತ ಕೈ ತೋರಿಸಿದಳು. ಮಹಾದೇವಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗು ತಡೆಯಲಾರದೆ ಅಲ್ಲೇ ಕುಸಿದಳು. “ಇಮಾನ ಹಾರ್ಸಾವ್ರ ಕಂಡಂಗ ಕಾಣ್ತಾರ್ರಿ!”

“ಮಲಗಿದ್ನಾ?”

“ಮುಂಜಾನಿ ಎಂಟಕ್ಕ ಮಕ್ಕೊಂಡಾರ್ರಿ. ಹೊರಳಿಲ್ಲ. ಉಸಿರಾಡ್ತಾರೋ ಇಲ್ಲೋ ಅಂತ ಮೂಗಿಗಿ ಕೈ ಹಿಡದು ನೋಡಿನ್ರಿ.” ಆಮೇಲೆ ಸಣ್ಣ ದನಿಯಲ್ಲಿ, “ಬೊಮ್ಮಸಂದ್ರದ ಖೋಲಿ ಬ್ಯಾಡ ಅಂತ ಹೇಳೀನ್ರಿ,” ಎಂದು ಹೇಳಿ, ಬಂದ ಹಾಗೆಯೇ ತುದಿಗಾಲಲ್ಲಿ ಹೋದಳು.

ಜಾಹೀರಾತು ಬಂದಾಗ ದಾಸಪ್ಪ ಅದನ್ನು ತಲೆಯಿಂದ ತೆಗೆದ. ಮಡಿಲಲ್ಲಿ ಇಟ್ಟುಕೊಂಡು ಎಡಗಡೆಯ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ವೈರನ್ನು ಬುಡದಲ್ಲಿ ಹಿಡಿದು ಅಲ್ಲಾಡಿಸಿದ. ಆಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸಿ, ಎಡಗಡೆಯದನ್ನು ಬಲಗಿವಿಗೆ, ಬಲಗಡೆಯದನ್ನು ಎಡಗಿವಿಗೆ ಬರುವ ಹಾಗೆ ಹಾಕಿಕೊಂಡ.

ಈಶ್ವರಮ್ಮನ ಕೈ ಬದನೆಕಾಯಿಯ ಮೇಲೆ ನಿಂತಿತು.

ದಾಸಪ್ಪ ಕಣ್ಣು ಮುಚ್ಚಿದ. ತೆರೆದ. ಇನ್ನೊಮ್ಮೆ ತೆಗೆದು, ಮೊದಲಿನ ಹಾಗೆ ಹಾಕಿ, ಕೇಳಿದ. ಮತ್ತೆ ತಿರುಗಿಸಿದ, ಕೇಳಿದ. ಟೀವಿಯಲ್ಲಿ ಸಿನಿಮಾ ಮತ್ತೆ ಶುರುವಾಗಿ, ರಾಣಿ ಯಾರನ್ನೋ ಕೈಮುಗಿದು ಬೇಡಿಕೊಳ್ಳುತ್ತಿದ್ದಳು. ಅವನು ನೋಡುತ್ತಿರಲಿಲ್ಲ. ಬಹಳ ಹೊತ್ತು ತನ್ನ ಎರಡು ಮೋಟು ಬೆರಳುಗಳನ್ನೇ ನೋಡುತ್ತ ಕೂತ.

ಆಮೇಲೆ ಹೆಂಡತಿಯ ಕಡೆ ತಿರುಗಿದ. ಗೋಡೆಯಾಚೆ ಮಲಗಿದ್ದವನ ನೆನಪಿತ್ತೋ, ಬಾಯಿ ಬರಲಿಲ್ಲವೋ, ಮಾತಾಡಲಿಲ್ಲ. ಬಲಗೈಯಿಂದ ತನ್ನ ಎಡಗಿವಿಯನ್ನು ಮುಟ್ಟಿದ. ಆ ಕೈಯನ್ನು ಮುಂದೆ ಚಾಚಿ, ಅಂಗೈಯನ್ನು ನಿಧಾನವಾಗಿ ಮಗುಚಿದ.

ಈಶ್ವರಮ್ಮ ಬದನೆಕಾಯಿ ಕೆಳಗಿಟ್ಟಳು. ಏನೋ ಹೇಳಬೇಕಿತ್ತು. ಮೂವತ್ತು ವರ್ಷದ ಬೈಗುಳ ಆ ಕಿವಿಯ ಕಡೆಯಿಂದಲೇ ಹೋದದ್ದು. ಅದರಲ್ಲಿ ಎಷ್ಟು ಮುಟ್ಟಿತ್ತೋ, ಎಷ್ಟು ದಾರಿಯಲ್ಲೇ ಉಳಿದಿತ್ತೋ. ಅವಳು ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ತೋರಿಸಿದಳು.

ದಾಸಪ್ಪ ತಲೆಯಾಡಿಸಿದ.

ಅವಳು ಟೀ ಮಾಡಿ ತಂದಾಗ ಅವನು ಗೂಟಕ್ಕೆ ತಗುಲಿಹಾಕಿದ್ದ ಅಂಗಿಯ ಜೇಬಿನಿಂದ ನೋಟು ತೆಗೆದು ಮಡಚಿ ಹಿಡಿದಿದ್ದ. ಲೋಟ ತೆಗೆದುಕೊಂಡು, ನೋಟನ್ನು ಅವಳ ಕೈಗಿಟ್ಟು, ಗದ್ದ ಎತ್ತಿ ಮುಖ್ಯರಸ್ತೆಯ ಕಡೆ, ಮುನೀಂದ್ರನ ಅಂಗಡಿಯ ಕಡೆ ತೋರಿಸಿದ. ಲೆಕ್ಕ ಸರಿಯಾಗಿತ್ತು: ಉಳಿದರ್ಧ. ಆಮೇಲೆ ಶಾಪಿನಲ್ಲಿ ಸೂಪರ್‌ವೈಸರ್ ಬಂದಾಗ ಮಾಡುತ್ತಿದ್ದ ಹಾಗೆ, ಬನಿಯನ್ನಿಗೆ ಇಲ್ಲದ ಕಾಲರು ಎಳೆದುಕೊಂಡು, ಅವಳತ್ತ ಬೆರಳು ತೋರಿಸಿದ. ಅವಳಿಗೆ ನಗು ಉಕ್ಕಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ಮೆತ್ತೆಗಳನ್ನು ಕಿವಿಗೆ ಏರಿಸಿ, ಬಲಗಡೆಯದನ್ನು ಒಂದಿಷ್ಟು ಸರಿಸಿ ಕಿವಿಗೆ ಸಂದು ಬಿಟ್ಟುಕೊಂಡು, ರಾಣಿಯ ಕಡೆ ತಿರುಗಿದ.

ಈಶ್ವರಮ್ಮ ನೋಟನ್ನು ಸೊಂಟಕ್ಕೆ ಸಿಕ್ಕಿಸಿದಳು. ಹೆಚ್ಚಿದ ಬದನೆಕಾಯಿಯ ತಟ್ಟೆಯನ್ನು ಒಂದು ಕೈಯಲ್ಲಿ, ಈಳಿಗೆಮಣೆಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು, ನೆಲದ ಮೇಲಿನ ವೈರನ್ನು ತುಳಿಯದಂತೆ ದಾಟಿ, ಕುರ್ಚಿಯ ಹಿಂದಿನಿಂದ ಸುತ್ತಿಬಂದಳು. ಅವನ ಬಲಕ್ಕೆ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಮಣೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಉಳಿದ ಬದನೆಕಾಯಿಗಳನ್ನು ಒಂದೊಂದಾಗಿ ಹೆಚ್ಚತೊಡಗಿದಳು.